ಖಾಲಿ ಉಳಿದ ಹಿಂದಿನ ಸಾಲು

ಮುಖ್ಯೋಪಾಧ್ಯಾಯಿನಿಯವರಿಗೆ,

ನಮಸ್ಕಾರ ಮೇಡಂ. ಹತ್ತನೇ ತರಗತಿ ಆದಮೇಲೆ ಏನು ಓದಬಹುದು ಅಂತ ಹೇಳಲು ನಿನ್ನೆ ಕಾಲೇಜಿನವರು ಬಂದಾಗ ಸಭಾಂಗಣದಲ್ಲಿ ಕುರ್ಚಿ ಹಾಕಿದ್ದು ‘ಸಿ’ ವಿಭಾಗದ ನಾವು. ಹಾಕಿ ಮುಗಿಸುತ್ತಿದ್ದಂತೆ ‘ಎ’ ವಿಭಾಗದವರನ್ನು ಕೂರಿಸಿ ನಮ್ಮನ್ನು ಹೊರಗೆ ಕಳಿಸಿದಿರಿ. ಹಿಂದಿನ ಸಾಲು ಕೊನೆಯವರೆಗೂ ಖಾಲಿಯಿತ್ತು. ಕಿಟಕಿಯಿಂದ ನೋಡಿದೆ.

ಆಮೇಲೆ ನಾನು ಒಳಗೆ ಬಂದು ಟೀ ಕೊಡುವಾಗ ಕಾಲೇಜಿನವರಲ್ಲೊಬ್ಬರು ನನ್ನನ್ನು, “ಮುಂದೆ ಏನು ಓದ್ಬೇಕು ಅಂತಿದ್ದೀಯಮ್ಮ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀವು, “ಇವರೆಲ್ಲ ಕೆಲಸಕ್ಕೆ ಹೋಗೋ ಮಕ್ಕಳು ಸಾರ್” ಅಂದುಬಿಟ್ಟಿರಿ. ಯಾವ ಕೆಲಸ ಮೇಡಂ? ಕುರ್ಚಿ ಹೊರುವುದು ಬಿಟ್ಟರೆ ಇನ್ನಾವ ಕೆಲಸವನ್ನು ನಮಗೆ ಇಲ್ಲಿ ಕಲಿಸಿದ್ದೀರಿ?

ಮುಂದಿನ ವಾರ ಇನ್ನೊಂದು ಕಾಲೇಜಿನವರು ಬರುತ್ತಾರಂತೆ. ಕುರ್ಚಿ ನಾವೇ ಹಾಕುತ್ತೇವೆ. ಹಾಕಿದ ಮೇಲೆ ಅಲ್ಲೇ ಕೂರುತ್ತೇವೆ. ದಯವಿಟ್ಟು ಎಬ್ಬಿಸಬೇಡಿ.

ಇಂತಿ,
ಹತ್ತನೇ ತರಗತಿಯ ನಿಮ್ಮ ವಿದ್ಯಾರ್ಥಿನಿ
(ಟೀ ಕೊಟ್ಟವಳು)