ಅವ್ವ ಹೊಲಿದ ದಿಂಬು

ಡೊಂಬಿವಲಿ
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ವೈಶಾಲಿ,

ಫೋನ್ ಎತ್ತುವುದಿಲ್ಲ, ಮೆಸೇಜ್ ಓದಿಯೂ ಸುಮ್ಮನಿರುತ್ತೀ. ಅದಕ್ಕೇ ಈ ಕಾಗದ. ಚೀಲದಲ್ಲಿ ನಿನ್ನ ದಿಂಬೂ ಇದೆ. ಎರಡನ್ನೂ ಕಲ್ಯಾಣದ ನಿನ್ನ ತವರಿಗೆ ಒಯ್ಯಲು ನಿನ್ನ ತಮ್ಮ ದಿಲೀಪ ಮುಖ ಗಂಟಿಕ್ಕಿಕೊಂಡೇ ಒಪ್ಪಿದ.

ನೀನೇ ಗೆದ್ದೆ ತಾಯಿ. ಈ ದಿಂಬಿನಿಂದಲೇ ಕೆಮ್ಮು ಬರುತ್ತದೆ ಎಂದು ಎರಡು ವರ್ಷದಿಂದ ನೀನು ಹೇಳುತ್ತಿದ್ದೆ. ನಮ್ಮ ಮದುವೆಗೆ ಅವ್ವ ಕೈಯಾರೆ ಹೊಲಿದದ್ದು, ಅವಳು ತೀರಿಹೋದ ಮೇಲಂತೂ ಇದು ಮನೆಯಿಂದ ಹೊರಗೆ ಹೋಗದು ಎಂದು ನಾನು ಕೂಗಾಡಿದೆ. ಹೊರಗೆ ಹೋದವಳು ನೀನು. ತವರಿಗೆ ಹೋದ ವಾರಕ್ಕೇ ನಿನ್ನ ಕೆಮ್ಮು ನಿಂತಿತೆಂದು ದಿಲೀಪ ಹೇಳಿದಾಗ ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಶುಕ್ರವಾರ ರಜೆ ಹಾಕಿ ಹೊಲಿಗೆ ಬಿಚ್ಚಿದೆ. ಒಳಗೆ ಹತ್ತಿಗಿಂತ ದೂಳೇ ಹೆಚ್ಚು. ಒಂದರ ಹಿಂದೆ ಒಂದು ಎಂಟು ಸೀನು ಬಂದವು. ಗವಸನ್ನು ಬಿಸಿನೀರಿಗೆ ಸೋಡಾ ಹಾಕಿ ತಿಕ್ಕಿದೆ. ಹತ್ತಿಯ ಗಂಟು ಬಿಡಿಸಿ, ಕೋಲಿನಿಂದ ಬಡಿದು, ಟೆರೇಸಿನಲ್ಲಿ ಹರವಿ, ಹಾರದಂತೆ ಸೊಳ್ಳೆಪರದೆ ಮುಚ್ಚಿದೆ. ಏನೋ ಸಾಧಿಸಿದೆನೆಂದು ಒಂದು ನಿದ್ದೆ ತೆಗೆದೆ.

ಸಂಜೆ ಆರಕ್ಕೆ ಹೋಗಿ ನೋಡಿದರೆ ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸತೊಡಗಿ, ಹತ್ತಿಗೆಲ್ಲ ಅಲ್ಲಿನ ವಾಸನೆ ಹಿಡಿದಿತ್ತು! ಪಕ್ಕದ ಮನೆಯ ವನಮಾಲಾ ಕಾಕೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನಾ ನಾಲ್ಕಕ್ಕೆ ಗಾಳಿ ತಿರುಗುತ್ತದೆ, ಅಷ್ಟರೊಳಗೆ ಎಲ್ಲ ಒಳಗೆ ತರಬೇಕು, ಹದಿನಾಲ್ಕು ವರ್ಷ ನಿನ್ನ ಹೆಂಡತಿ ಅದನ್ನೇ ಮಾಡಿದ್ದು, ನೀನು ನೋಡಲೇ ಇಲ್ಲವೇ ಎಂದು ಕೇಳಿದರು. ನೋಡಿರಲಿಲ್ಲ ವೈಶಾಲಿ. ನಿನ್ನೆ ಮತ್ತೆ ಬಿಸಿಲಿಗೆ ಹಾಕಿ, ಮೂರೂವರೆಗೇ ಎತ್ತಿ ತಂದೆ.

ನಾನೇ ಮತ್ತೆ ಹಾಕಿದ ಹೊಲಿಗೆ ಸೊಟ್ಟಗಿದೆ, ಬೇಕಾದಷ್ಟು ನಗು. ಒಂದು ಮಧ್ಯಾಹ್ನ ಇದರ ಮೇಲೆ ತಲೆಯಿಟ್ಟು ನೋಡು. ಒಂದೇ ಒಂದು ಸಲ ಕೆಮ್ಮು ಬಂದರೂ ಕಸದ ಗಾಡಿಗೆ ಹಾಕಿಬಿಡು, ನಾನು ತುಟಿ ಬಿಚ್ಚುವುದಿಲ್ಲ. ಆದರೆ ಮನೆಗೆ ಬಾ. ನೀನಿಲ್ಲದೆ ನನಗೆ ಇಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಪ್ರಭುದೇವ

ತಾ.ಕ.: ಕಾಗದ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಅವ್ವ ಕೊನೆಯ ಸಲ ಬಂದಾಗ ನಿನ್ನ ಕೆಮ್ಮು ಕೇಳಿ, ಈ ಹಳೇ ದಿಂಬು ಚೆಲ್ಲಿ ಆ ಹುಡುಗಿಗೆ ಹೊಸಾದು ತಂದುಕೊಡೋ ಅಂತ ನನಗೆ ಹೇಳಿದ್ದಳು. ನಾನೇ ತರಲಿಲ್ಲ. ಅವಳು ಹೋದ ಮೇಲೆ, ಅವಳ ಹೆಸರು ಹೇಳಿಯೇ ನಿನ್ನ ಬಾಯಿ ಮುಚ್ಚಿಸಿದೆ.