ಕೌಸಲ್ಯಾಬಾಯಿಯ ಡಿಸ್ಕ್

೧೧ ಏಪ್ರಿಲ್ ೨೦೧೬, ಸೋಮವಾರ. ಔರಾದ.

ಜೊತೆಗೆ ಕೆಲಸ ಮಾಡುವ ಕೌಸಲ್ಯಾಬಾಯಿ ಬಾರದೆ ನಮ್ಮ ನೀರಿನ ಟ್ಯಾಂಕರ್ ಆಫೀಸಿನ ಕಂಪ್ಯೂಟರ್ ಏಳುವುದಿಲ್ಲ. ಇದೆಂಥ ಮಾಟ?

ಶನಿವಾರ ಅದರ ಲಿನಕ್ಸ್ ವ್ಯವಸ್ಥೆಯನ್ನು ಅಪ್‌ಗ್ರೇಡ್ ಮಾಡಿದ್ದೆ. ಇವತ್ತು ಬೆಳಿಗ್ಗೆ ಆನ್ ಮಾಡಿದರೆ ಬರೀ ಕಪ್ಪು ಪರದೆ, ಮೂಲೆಯಲ್ಲಿ ‘ಗ್ರಬ್ ರೆಸ್ಕ್ಯೂ’, ಅಂದರೆ ಶುರುವಾಗಲು ದಾರಿ ಸಿಗುತ್ತಿಲ್ಲ ಎಂದು. ಊರುಗಳ ಪಟ್ಟಿ ಅದರೊಳಗೇ ಇದ್ದುದರಿಂದ ಯಾವ ಊರಿಗೆ ಹೋಗಬೇಕೆಂದು ತಿಳಿಯದೆ ಟ್ಯಾಂಕರುಗಳು ಹೊರಗೆ ನಿಂತಿದ್ದವು. ಅಷ್ಟರಲ್ಲಿ ಆಕೆ ಬಂದು, ಸುತ್ತಿದ್ದ ರುಮಾಲು ಬಿಚ್ಚಿ, ಬ್ಯಾಕಪ್ ಡಿಸ್ಕ್ ಜೋಡಿಸಿದಳು. ಯಂತ್ರ ತೆಪ್ಪಗೆ ಶುರುವಾಯಿತು. ಆಫೀಸಿನಲ್ಲಿ ಕಳ್ಳತನವಾದಾಗಿನಿಂದ ಆ ಡಿಸ್ಕನ್ನು ದಿನಾ ಮನೆಗೆ ಒಯ್ಯುವವಳು ಆಕೆಯೇ. ಡಿಸ್ಕ್ ತೆಗೆದು ಮತ್ತೆ ಆನ್ ಮಾಡಿ ನೋಡಿದೆ, ಮತ್ತೆ ಕಪ್ಪು. ತಾನಿಲ್ಲದೆ ಕೆಲಸ ನಡೆಯಬಾರದೆಂದು ಏನೋ ಮಾಡಿಟ್ಟಿದ್ದಾಳೆ ಅನಿಸಿತು. ಮ್ಯಾನೇಜರ್ ವೈಜಿನಾಥರ ಕಿವಿಗೂ ಹಾಕಿದೆ.

ಸಂಜೆ ಕಾರಣ ಸಿಕ್ಕಿತು. ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರನ್ನು ಯಾವ ಡಿಸ್ಕಿಗೆ ಹಾಕಲಿ ಎಂದು ಅಪ್‌ಗ್ರೇಡ್ ಕೇಳಿದಾಗ ನಾನೇ ಆಕೆಯ ಡಿಸ್ಕನ್ನು ಆರಿಸಿದ್ದೆ. ಒಳಗಿನ ಡಿಸ್ಕಿನಲ್ಲಿ ಹಳೆಯದೇ ಉಳಿದಿತ್ತು, ಹೊಸ ಫೈಲುಗಳಿಗೆ ಅದು ಹೊಂದಲಿಲ್ಲ. ಅಲ್ಲಿಗೂ ಹೊಸದನ್ನು ಹಾಕಿದೆ. ಈಗ ಯಾರ ಹಂಗೂ ಇಲ್ಲದೆ ಏಳುತ್ತದೆ.

ಆಕೆಗೆ ಹೇಳಿದೆ. ನಗಲಿಲ್ಲ.

“ಮನ್ಯಾಗ ಇದಕ್ಕ ಏನ್ ಮಾಡ್ತಿ ಅಂತ ಸಾಹೇಬ್ರು ಎಲ್ಲಾರ ಮುಂದ ಕೇಳಿದ್ರು. ಇನ್ ಮ್ಯಾಲ ನೀವೇ ಒಯ್ರಿ.”

ರುಮಾಲು ಮಾತ್ರ ತಾನೇ ಇಟ್ಟುಕೊಂಡಳು.

ಡಿಸ್ಕ್ ಈಗ ನನ್ನ ದಿಂಬಿನ ಪಕ್ಕದಲ್ಲಿದೆ. ವೈಜಿನಾಥರಿಗೆ ನಿಜ ಹೇಳಬೇಕು. ನಂಬುತ್ತಾರೋ ಇಲ್ಲವೋ. ನಾಳೆ ಮತ್ತೇನಾದರೂ ಕೆಟ್ಟರೆ, ರಾತ್ರಿ ಡಿಸ್ಕ್ ಯಾರ ಮನೆಯಲ್ಲಿತ್ತು ಎಂದೇ ಮೊದಲು ಕೇಳುತ್ತಾರೆ.