ಒಪ್ಪಿಗೆಗೆ ಕಾದಿದ್ದ ಪತ್ರ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟಿ,

ನಿನ್ನನ್ನು ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ, ಓದಿ ಮುಗಿಸಿದ ಮೇಲೆ ನೀನೇ ಹೇಳು.

ಅಮ್ಮನನ್ನು ಸ್ಮಶಾನಕ್ಕೆ ಕಳಿಸಿಕೊಟ್ಟು ಬಂದ ದಿನ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ ನೀನು ಕೇಳಿದೆ: “ಆಂಟಿ, ಆಸ್ಪತ್ರೆಗೆ ನಿಮ್ಮಲ್ಲಿ ಒಬ್ರೂ ಯಾಕೆ ಬರ್ಲಿಲ್ಲ? ಎಲ್ರಿಗೂ ಮೇಲ್ ಹಾಕಿದೀನಿ, ಬರ್ತಾರೆ ನೋಡು ಅಂತ ಅಮ್ಮ ಬಾಗಿಲನ್ನೇ ನೋಡ್ತಿದ್ರು.” ಗೊತ್ತಿಲ್ಲ ಕಣೇ ಎಂದುಬಿಟ್ಟೆ.

ನಿವೃತ್ತ ನರ್ಸುಗಳಾದ ನಮ್ಮದೊಂದು ಇಮೇಲ್ ಬಳಗವಿದೆಯಲ್ಲ, ಒಬ್ಬರು ಬರೆದರೆ ನೂರಾ ಎಂಬತ್ತು ಜನಕ್ಕೂ ತಲುಪುತ್ತದೆ. ಏಳು ವರ್ಷದಿಂದ ಅದರ ಕಾವಲು ನನ್ನದು. ಲಾಟರಿ ಹೊಡೆದಿದೆ ಎನ್ನುವವರು, ತೂಕ ಇಳಿಸುವ ಪುಡಿಯವರು, ಬ್ಯಾಂಕಿನ ಹೆಸರಲ್ಲಿ ಟೋಪಿ ಹಾಕುವವರು, ಇಂಥ ಸ್ಪ್ಯಾಮ್ ದಿನಕ್ಕೆ ನಲವತ್ತು ಬಂದು ನನ್ನ ಒಪ್ಪಿಗೆಗೆ ಕಾದು ಬಿದ್ದಿರುತ್ತದೆ. ಬೆಳಿಗ್ಗೆ ಕಾಫಿ ಆರುವಷ್ಟರಲ್ಲಿ ಅದನ್ನೆಲ್ಲ ಗುಡಿಸಿಹಾಕಬೇಕು; ನಮ್ಮವರದು ತಡೆಯಿಲ್ಲದೆ ನೇರವಾಗಿ ಹೋಗುತ್ತದೆ.

ನಿನ್ನಮ್ಮ ದಿನಕ್ಕೆ ಹತ್ತು ಹೂವಿನ ಚಿತ್ರ ಕಳಿಸುತ್ತಿದ್ದಳು. ಜನ ಗೊಣಗಿದರು. ಅವಳಿಗೆ ಒಂದು ಮಾತೂ ಹೇಳದೆ, ಅವಳ ಪತ್ರಗಳೂ ನನ್ನ ಒಪ್ಪಿಗೆಗೆ ಕಾಯುವಂತೆ ಮಾಡಿದೆ. ಗೊತ್ತಾದ ದಿನ ಫೋನ್ ಮಾಡಿದಳು. “ಮೂವತ್ತು ವರ್ಷ ಒಂದೇ ವಾರ್ಡಲ್ಲಿ ದುಡಿದಿದೀವಿ. ಈಗ ನಾನು ಬಾಯಿ ಬಿಡೋಕೂ ನಿನ್ನ ಅಪ್ಪಣೆ ಬೇಕೇನೇ?” ನಿಯಮ ಅಂದರೆ ನಿಯಮ ಎಂದೆ. ಆಮೇಲೆ ನಾಲ್ಕು ತಿಂಗಳು ಮಾತಿಲ್ಲ.

ಅವಳ ಕೊನೆಯ ಪತ್ರ ಆ ಸ್ಪ್ಯಾಮ್ ರಾಶಿಯಲ್ಲಿ ಸಿಕ್ಕಿಕೊಂಡಿತ್ತು. ಐದು ದಿನದೊಳಗೆ ನಾನು ಒಪ್ಪಿಗೆ ಕೊಡದಿದ್ದರೆ ತಾನಾಗಿಯೇ ಅಳಿಸಿಹೋಗುತ್ತದೆ, ಹಾಗೆಯೇ ಹೋಯಿತು. ಆದರೆ ತಡೆದ ಪತ್ರಗಳ ಒಂದು ನಕಲು ನನ್ನ ಸ್ವಂತ ಮೇಲಿಗೂ ಬಂದು ಉಳಿಯುತ್ತದೆ. ನಿಮ್ಮ ಮನೆಯಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೂತು ಹುಡುಕಿದೆ. ಗುರುವಾರ ಆಪರೇಷನ್, ಆರನೇ ವಾರ್ಡು, ಕಿಟಕಿ ಪಕ್ಕದ ಮಂಚ, ನಾಲ್ಕರಿಂದ ಆರರವರೆಗೆ ಒಳಗೆ ಬಿಡುತ್ತಾರೆ, ಒಂದು ಸಲ ಮುಖ ತೋರಿಸಿ ಹೋಗ್ರೇ, ಯಾಕೋ ಭಯ ಆಗ್ತಿದೆ ಎಂದು ಬರೆದಿದ್ದಾಳೆ. ಜೀವಮಾನವಿಡೀ ಹೆದರಿದವರ ಕೈ ಹಿಡಿದು ಕೂತವಳು.

ಆ ನಕಲನ್ನು ಇದರ ಜೊತೆಗಿಟ್ಟಿದ್ದೇನೆ. ತಪ್ಪು ನನ್ನದೆಂದು ಬರೆದು ನಿನ್ನೆ ಬಳಗಕ್ಕೂ ಕಳಿಸಿದೆ. ಮೊದಲ ಉತ್ತರ ನಮ್ಮ ಹಳೆಯ ಮೇಟ್ರನ್ನರದು: “ಆಸ್ಪತ್ರೆ ಎದುರಿನ ಬೀದಿಯಲ್ಲೇ ಇದೀನಲ್ಲಮ್ಮ ನಾನು.” ಅಷ್ಟೇ. ಕಾವಲಿನ ಕೆಲಸ ಬಿಟ್ಟೆ.

ನಲವತ್ತರ ನಡುವೆ ಅವಳದೊಂದು ನನ್ನ ಕಣ್ಣಿಗೆ ಬೀಳಲಿಲ್ಲ ಪುಟ್ಟಿ. ನಿನಗೆ ನಾನು ಹೇಳಬಹುದಾದದ್ದು ಇಷ್ಟೇ.

ಇಂತಿ,
ನಿನ್ನಮ್ಮನ ಜೊತೆಗಾತಿಯಾಗಿದ್ದ
ಆಂಟಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಕಣ್ಣಿಗೆ ಬಿದ್ದಿತ್ತು. ಅವಳ ಹೆಸರು, ಮೊದಲ ಸಾಲು: ‘ನನ್ನಿಂದ ಯಾರಿಗಾದರೂ ಬೇಜಾರಾಗಿದ್ದರೆ ಕ್ಷಮಿಸಿ.’ ಊರಿಗೆಲ್ಲ ಕ್ಷಮೆ ಕೇಳುವವಳು ಮೊದಲು ನನ್ನನ್ನು ಕೇಳಲಿ ಎಂದುಕೊಂಡು ಅಲ್ಲಿಗೇ ಮುಚ್ಚಿದೆ. ಕೆಳಗಿನ ಸಾಲು ಓದಲಿಲ್ಲ. ಐದು ದಿನವೂ ಅವಳ ಫೋನಿಗಾಗಿ ಕಾಯುತ್ತ ಕೂತಿದ್ದೆ.